ಊಟದ ಹಾಳೆ

ಬ್ರಿಟನ್ನಿಗೆ ನಾನು ಒಮ್ಮೆಯೂ ಹೋದವಳಲ್ಲ. ಆದರೂ ತೊಂಬತ್ತರ ದಶಕದಲ್ಲಿ ಒಂಬತ್ತು ವರ್ಷ, ವಾಷಿಂಗ್ಟನ್ ಪಕ್ಕದ ರಾಕ್‌ವಿಲ್‌ನ ಒಂದು ಚಿಕ್ಕ ಟ್ರಾವೆಲ್ ಕಚೇರಿಯಲ್ಲಿ ಕೂತು ನಮ್ಮ ಕಡೆಯ ಎಷ್ಟೋ ಜನರನ್ನು ಅಲ್ಲಿಗೆ ಕಳಿಸಿದ್ದೇನೆ. ಯಾವ ಬಸ್ಸು ಹತ್ತಬೇಕು, ಯಾವ ಕಡೆ ಕೂತರೆ ನದಿ ಕಾಣುತ್ತದೆ, ಯಾವ ಮನೆಯಲ್ಲಿ ಬೆಳಗಿನ ತಿಂಡಿಗೆ ಅಣಬೆ ಹುರಿದು ಕೊಡುತ್ತಾರೆ, ಎಲ್ಲ ಬಾಯಿಪಾಠ. ಈಗ ಕೆಲಸ ಬಿಟ್ಟಿದ್ದೇನೆ. ನನ್ನ ಕುರ್ಚಿಗೆ ಬರುವ ಇಬ್ಬರು ಹುಡುಗಿಯರು, "ಆಂಟಿ, ಈ ಕೆಲಸಕ್ಕೆ ಏನೇನು ಗೊತ್ತಿರ್ಬೇಕು, ಬರೆದುಕೊಡಿ" ಎಂದಿದ್ದಾರೆ. ಕಂಪ್ಯೂಟರಿನ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅದು ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ.

ಆಗ ವಾಷಿಂಗ್ಟನ್ನಿನಿಂದಲೋ ಅಟ್ಲಾಂಟಾದಿಂದಲೋ ಊರಿಗೆ ಹೊರಟವರಲ್ಲಿ ಬಹಳ ಜನ ಲಂಡನ್ ಮೇಲೆ ಹೋಗುತ್ತಿದ್ದರು. ಅದೇ ಟಿಕೆಟ್ಟಿನಲ್ಲಿ ನಡುವೆ ನಾಲ್ಕೈದು ದಿನ ಇಳಿದುಕೊಳ್ಳಲು ಅವಕಾಶವಿತ್ತು. ಮಗಳ ಮನೆಗೋ ಮಗನ ಮನೆಗೋ ಬಂದು ಆರು ತಿಂಗಳು ಇದ್ದ ಹಿರಿಯರು ವಾಪಸ್ಸು ಹೋಗುವಾಗ, "ಹೇಗೂ ದಾರೀಲಿದೆ, ಕಡಿಮೇಲಿ ಆದ್ರೆ ನೋಡ್ಕೊಂಡು ಹೋಗ್ತೀವಿ" ಎನ್ನುವರು. ಆ 'ಕಡಿಮೇಲಿ' ಎಂಬುದೇ ನನ್ನ ಕೆಲಸ. ಪ್ರವಾಸಿ ಬಸ್ಸಿನ ಬದಲು ಊರವರು ಹತ್ತುವ ಕೆಂಪು ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟು. ದುಡ್ಡು ಕೇಳದ ವಸ್ತುಸಂಗ್ರಹಾಲಯ, ಮಳೆ ಬಂದರೆ ಅದೇ ಆಸರೆ. ಹೋಟೆಲಿನ ಬದಲು ಮನೆಯ ಮೇಲಿನ ಎರಡು ಕೋಣೆ ಬಾಡಿಗೆಗೆ ಕೊಟ್ಟು ಬೆಳಗಿನ ತಿಂಡಿಯನ್ನೂ ಹಾಕುವ ಹೆಂಗಸರು. ಬೇಯಿಸಿದ ಹುರುಳಿಕಾಯಿ ಬೀಜ, ಬ್ರೆಡ್ಡು, ಟೊಮೇಟೊ ಹೊಟ್ಟೆ ತುಂಬ ತಿಂದು ಹೊರಟರೆ ಮಧ್ಯಾಹ್ನಕ್ಕೆ ಕೈಚೀಲದ ಅವಲಕ್ಕಿ ಸಾಕು.

ಇದನ್ನೆಲ್ಲ ನಾನು ಕಲಿತದ್ದು ಕೇಳಿ ಕೇಳಿ. ಹೋಗಿ ಬಂದವರಿಗೆ ಫೋನು ಮಾಡುತ್ತಿದ್ದೆ. ಮೆಟ್ಟಿಲು ಎಷ್ಟು, ಬಚ್ಚಲು ಯಾವ ಕಡೆ, ಮಂಡಿನೋವಿನವರಿಗೆ ಆಗುತ್ತದೋ ಇಲ್ಲವೋ, ಒಂದೊಂದಕ್ಕೂ ಒಂದು ಕಾರ್ಡು. ಬಿಳಿ ಕಾರ್ಡು ದಾರಿಗೆ, ಹಳದಿ ಊಟಕ್ಕೆ. ನಾಲ್ಕು ದಿನದ ಪ್ರಯಾಣವನ್ನು ದಿನಕ್ಕೊಂದು ಹಾಳೆಯಂತೆ ಬರೆದು, ಹಿರಿಯರಿಗಾದರೆ ಕನ್ನಡದಲ್ಲೇ ದಪ್ಪಕ್ಷರದಲ್ಲಿ ಬರೆದು, ಟಿಕೆಟ್ಟಿನ ಜೊತೆ ಕಳಿಸುತ್ತಿದ್ದೆ. "ವಿಮಲಾ ಆಂಟಿ ಹಾಳೆ" ಎಂದೇ ಅದಕ್ಕೆ ಹೆಸರಾಗಿತ್ತು.

ತಪ್ಪು ಮಾಡಿಲ್ಲವೇ ಎಂದರೆ, ಮೊದಲ ವರ್ಷವೇ ಮಾಡಿದೆ. ಅಟ್ಲಾಂಟಾದ ರಾಘವೇಂದ್ರ ಎಂಬುವರು ಶುಕ್ರವಾರ ಸಂಜೆ ವಿಮಾನ ಹತ್ತುವವರು. ನಾನು ಶುಕ್ರವಾರಕ್ಕೇ ಲಂಡನ್ನಿನ ಕೋಣೆ ಹೇಳಿಬಿಟ್ಟೆ. ಅವರು ಇಳಿದದ್ದು ಶನಿವಾರ ಬೆಳಿಗ್ಗೆ. ಮನೆಯಾಕೆ ಬಾಗಿಲು ತೆಗೆದು ಇಡೀ ಕುಟುಂಬಕ್ಕೆ ತಿಂಡಿ ಬಡಿಸಿ, ಹತ್ತು ಗಂಟೆಗೆ ಸರಿಯಾಗಿ "ಕೋಣೆ ಖಾಲಿ ಮಾಡಿ" ಎಂದಳಂತೆ. ರಾಘವೇಂದ್ರ ವಾಪಸ್ಸು ಬಂದು ಫೋನಿನಲ್ಲಿ, "ತಿಂಡಿ ಫಸ್ಟ್ ಕ್ಲಾಸ್ ಮೇಡಂ. ಮಲಗೋಕ್ ಮಾತ್ರ ಪಾರ್ಕ್ ಬೆಂಚ್ ಕೊಟ್ರಿ" ಎಂದರು. ಅವರು ನಕ್ಕರು, ನಾನು ನಗಲಿಲ್ಲ. ಆಮೇಲೆ ಪ್ರತಿ ಹಾಳೆಯ ಮೇಲೂ ಹೊರಡುವ ದಿನ ಒಂದು ಬಣ್ಣ, ತಲುಪುವ ದಿನ ಇನ್ನೊಂದು ಬಣ್ಣ. ನೀವೂ ಹಾಗೆಯೇ ಮಾಡಿ.

ಕಚೇರಿಯ ಮಾಲೀಕರು ಅನ್ವರ್ ಸಾಹೇಬರು, ಬೆಂಗಳೂರಿನವರು. ನನಗಿಂತ ಹತ್ತು ವರ್ಷ ದೊಡ್ಡವರು. ಕೂಗಾಡಿದ್ದನ್ನು ಕಂಡಿಲ್ಲ. ಬೈಯಬೇಕಾದಾಗ ಥರ್ಮಾಸಿನಿಂದ ಒಂದು ಲೋಟ ಚಹಾ ಬಗ್ಗಿಸಿ ಮುಂದಿಡುವರು. ಅವರು ಮೊದಲ ದಿನ ಹೇಳಿದ ಮಾತು ಇದು: "ನೋಡಮ್ಮಾ, ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡು. ಕೇಳದೇ ಇರೋದಕ್ಕೆ ಕೊಡೋ ಮುಂಚೆ ಅವರ ಮುಖ ನೋಡು." ನಾನು ಆಗಲಿ ಎಂದೆ. ಆದರೆ ಅದು ಕಿವಿಯಲ್ಲಿ ಉಳಿಯಿತೇ ಹೊರತು ತಲೆಗೆ ಇಳಿದಿರಲಿಲ್ಲ.

ಹಳದಿ ಕಾರ್ಡುಗಳು ಬೆಳೆದದ್ದು ಶಾರ್ಲಟ್ ಊರಿನ ಒಬ್ಬ ಹೆಣ್ಣುಮಗಳಿಂದ. ಕ್ರಿಸ್‌ಮಸ್ ಹೊತ್ತಿಗೆ ಹೋಗಿದ್ದವಳು, ಒಣದ್ರಾಕ್ಷಿ ತುಂಬಿದ ಒಂದು ಸಿಹಿ ಕಡುಬನ್ನು ದಿನಾ ತಿಂದಿದ್ದಾಳೆ. ಊರಿಗೆ ಬಂದ ಮೇಲೆ ಅದರ ಹೂರಣದಲ್ಲಿ ದನದ ಕೊಬ್ಬು ಹಾಕುತ್ತಾರೆಂದು ಯಾರೋ ಹೇಳಿದರು. ಫೋನಿನಲ್ಲಿ ಅತ್ತುಬಿಟ್ಟಳು. "ಆಂಟಿ, ಮಕ್ಕಳಿಗೂ ತಿನ್ನಿಸ್ದೆ. ನೀವು ಒಂದು ಮಾತು ಹೇಳ್ಬಾರ್ದಿತ್ತಾ?"

ಅವತ್ತೇ ನಿಶ್ಚಯ ಮಾಡಿದೆ. ನಮ್ಮವರು ಇಳಿದುಕೊಳ್ಳುವ ಮನೆಗಳ ಹೆಂಗಸರಿಗೆಲ್ಲ ಕಾಗದ ಬರೆದೆ: ನಿಮ್ಮ ಊರಿನ ಸಾಂಪ್ರದಾಯಿಕ ತಿನಿಸು ಯಾವುದು, ಅದರಲ್ಲಿ ಏನೇನು ಹಾಕುತ್ತಾರೆ, ಯಾವುದರಲ್ಲಿ ಕರಿಯುತ್ತಾರೆ. ಕೆಲವರು ಉತ್ತರ ಕೊಡಲಿಲ್ಲ. ಯಾರ್ಕ್‌ಷೈರ್ ಕಡೆಯ ಬ್ರಾಡ್‌ಫರ್ಡಿನ ಮಿಸೆಸ್ ಹಾರ್ಟ್ಲಿ ಎಂಬಾಕೆ ಮಾತ್ರ ನೀಲಿ ಶಾಯಿಯಲ್ಲಿ ನಾಲ್ಕು ಪುಟ ಬರೆದಳು. ಓಟ್ಸ್ ಹಿಟ್ಟಿನ ರೊಟ್ಟಿ ತಿನ್ನಬಹುದು, ಶುಂಠಿ ಬೆಲ್ಲದ ಕೇಕಿನಲ್ಲಿ ಮೊಟ್ಟೆ ಇರುತ್ತದೆ, ಹೀಗೆ. ಕೊನೆಗೆ ಚಿಪ್ಸ್ ವಿಷಯ. ಅಲ್ಲಿ ಚಿಪ್ಸ್ ಎಂದರೆ ನಮ್ಮ ತೆಳ್ಳನೆಯ ಬಿಲ್ಲೆಗಳಲ್ಲ, ಬೆರಳು ದಪ್ಪದ ಆಲೂಗಡ್ಡೆ ಹೋಳು. ಬೀದಿ ಮೂಲೆಯ ಮೀನಿನ ಅಂಗಡಿಯಲ್ಲಿ ಬಿಸಿಬಿಸಿ ಕರಿದು, ಉಪ್ಪು, ಹುಳಿ ವಿನೆಗರ್ ಚಿಮುಕಿಸಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. "ನಮ್ಮ ಕಡೆ ಅದನ್ನು ಕರಿಯುವುದು ದನದ ಕೊಬ್ಬಿನಲ್ಲಿ. ನಮ್ಮಜ್ಜಿಯ ಕಾಲದಲ್ಲೂ ಹಾಗೆಯೇ. ಅದಿಲ್ಲದೆ ಆ ರುಚಿ ಬರುವುದೇ ಇಲ್ಲ" ಎಂದು ಬರೆದಿದ್ದಳು.

ನಾನು ಹಳದಿ ಕಾರ್ಡಿನಲ್ಲಿ ಬರೆದೆ: 'ಯಾರ್ಕ್‌ಷೈರ್ ಕಡೆ ಅಂಗಡಿಗಳ ಚಿಪ್ಸ್ ತಿನ್ನಬೇಡಿ. ಅದನ್ನು ಮೊದಲಿನಿಂದಲೂ ದನದ ಕೊಬ್ಬಿನಲ್ಲೇ ಕರಿಯುವ ಪದ್ಧತಿ.' ಆ ಕಾರ್ಡುಗಳನ್ನೆಲ್ಲ ಸೇರಿಸಿ ಒಂದು ಊಟದ ಹಾಳೆ ಮಾಡಿ, ಎಲ್ಲರ ಲಕೋಟೆಗೂ ಹಾಕತೊಡಗಿದೆ. ಜನ ಮೆಚ್ಚಿಕೊಂಡರು. ಅಲ್ಲಿಗೆ ಹೋಗದೆಯೇ ಅಲ್ಲಿಯ ಬಾಣಲೆಯೊಳಗೆ ಏನಿದೆ ಎಂದು ತಿಳಿದುಕೊಂಡೆನಲ್ಲ ಎಂದು ನನಗೂ ಒಳಗೊಳಗೇ ಹೆಮ್ಮೆ.

ಇದಾದ ಎರಡನೆಯ ವಸಂತದಲ್ಲಿ, ಚೆರ್ರಿ ಹೂ ಬಿಡುವ ವಾರ, ಚನ್ನಬಸವಯ್ಯನವರು ಹೆಂಡತಿ ಗಿರಿಜಮ್ಮನವರ ಜೊತೆ ಕಚೇರಿಗೆ ಬಂದರು. ತುಮಕೂರು ಕಡೆಯವರು. ಕ್ಯಾರಿ ಎಂಬ ಊರಿನಲ್ಲಿದ್ದ ಮಗಳು ಶೈಲಾಳ ಮನೆಗೆ ಬಂದಿದ್ದರು. ಬ್ರಿಟನ್ನಿನ ವೀಸಾಕ್ಕೆಂದು ಅವಳು ವಾಷಿಂಗ್ಟನ್ನಿಗೆ ಕರೆತಂದಿದ್ದಳು. ಆತ ಉಣ್ಣೆ ಗಿರಣಿಯಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತರು. ಆಕೆ ಮಿಡ್ಲ್ ಸ್ಕೂಲ್ ಮೇಡಂ ಆಗಿದ್ದವರು. ಇಬ್ಬರೂ ಲಿಂಗ ಕಟ್ಟಿದವರು, ಪೂಜೆ ಆಗದೆ ನೀರು ಮುಟ್ಟದವರು.

ಕೂತ ಕೂಡಲೇ ಅವರು ಹೇಳಿದರು: "ತಾಯಿ, ಲಂಡನ್ ಇದ್ರೆ ಇರ್ಲಿ, ಇಲ್ದಿದ್ರೆ ಇಲ್ಲ. ನನಗೆ ಬ್ರಾಡ್‌ಫರ್ಡ್ ಬೇಕು."

ಮದುವೆಯಾದ ಹೊಸತರಲ್ಲಿ ಗಿರಣಿಯವರು ಅವರನ್ನು ಒಂದೂವರೆ ವರ್ಷ ಅಲ್ಲಿಗೆ ತರಬೇತಿಗೆ ಕಳಿಸಿದ್ದರಂತೆ. ಚಳಿ, ಮಂಜು, ಮಾತಾಡಲು ಒಬ್ಬರಿಲ್ಲ. ಇಳಿದುಕೊಂಡಿದ್ದ ಮನೆಯಲ್ಲಿ ಎಲ್ಲದರಲ್ಲೂ ಮಾಂಸ. "ಬೀದಿ ಮೂಲೇಲಿ ಒಂದು ಅಂಗಡಿ. ಶುಕ್ರವಾರ ಸಂಬಳ ಬಂದ ತಕ್ಷಣ ಒಂದು ಪೊಟ್ಟಣ ಚಿಪ್ಸ್. ಕೈಗವಸು ಇರ್ಲಿಲ್ಲ ನನ್ನ ಹತ್ರ. ಪೊಟ್ಟಣಾನ ಎರಡು ಕೈಲೂ ಹಿಡ್ಕೊಂಡು ಬಸ್ ಸ್ಟಾಪ್‌ನಲ್ಲಿ ನಿಲ್ತಿದ್ದೆ. ಕೈ ಬೆಚ್ಚಗಾದ ಮೇಲೆ ತಿನ್ನೋದು. ಅದೊಂದಿಲ್ದಿದ್ರೆ ಅರ್ಧಕ್ಕೇ ಊರಿಗೆ ಓಡಿ ಬಂದ್ಬಿಡ್ತಿದ್ದೆ."

"ಮೀನಿನಂಗಡಿ ಅಂತ ನಾನು ಕಾಗದದಲ್ಲಿ ಜಗಳ ಆಡಿದ್ದೆ" ಎಂದರು ಗಿರಿಜಮ್ಮ, ನಗುತ್ತ.

"ಅದಕ್ಕೇ ಹೇಳಿದ್ನಲ್ಲೇ, ಅಂಗಡಿಯಾಕೆ ನನಗೋಸ್ಕರ ಬೇರೆ ಬಾಣಲೆ ಇಟ್ಟಿದ್ಲು ಅಂತ. ಬರೀ ಎಣ್ಣೆ."

"ಮೂವತ್ತು ವರ್ಷದಿಂದ ಕೇಳ್ತಿದೀನಿ ಆ ಬಾಣಲೆ ಕಥೆ. ಶೈಲಾಗೆ ಲಾಲಿ ಹಾಡೋ ಬದಲು ಇದನ್ನೇ ಹೇಳಿ ಮಲಗಿಸಿದಾರೆ."

"ಈ ಸಲ ಕೈಗೇ ಕೊಡ್ತೀನಿ, ತಿಂದು ನೋಡು. ಆಮೇಲೆ ಮಾತಾಡು." ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಹೃದಯದ ಡಾಕ್ಟ್ರು ಇನ್ನೊಂದು ಸಲ ವಿಮಾನ ಹತ್ತೋ ಹಾಗಿಲ್ಲ ಅಂದಿದಾರೆ ತಾಯಿ. ಈ ಸಲ ಆದ್ರೆ ಆಯ್ತು" ಎಂದರು.

ನಾನು ಬರೆದುಕೊಳ್ಳುತ್ತಿದ್ದ ಪೆನ್ನು ನಿಂತಿತ್ತು. ಎದುರು ಮೇಜಿನಿಂದ ಅನ್ವರ್ ಸಾಹೇಬರು ನನ್ನನ್ನೇ ನೋಡುತ್ತಿದ್ದರು. ದಂಪತಿ ಹೋದ ಮೇಲೆ ಚಹಾ ಬಂತು.

"ಆ ಊಟದ ಹಾಳೆ ಇವರಿಗೆ ಹಾಕ್ಬೇಡಮ್ಮಾ."

"ಅದು ಹೇಗೆ ಸಾರ್? ಲಿಂಗ ಕಟ್ಟಿದ ಹೆಣ್ಣುಮಗಳು. ಗೊತ್ತಿದ್ದೂ ಗೊತ್ತಿದ್ದೂ ತಿನ್ನೋಕೆ ಬಿಡೋದಾ? ಶಾರ್ಲಟ್‌ನವಳು ಅತ್ತಿದ್ದು ಮರೆತ್ರಾ?"

"ಬಿಡು ಅನ್ಲಿಲ್ಲ ನಾನು. ಹಂದಿ ಕೊಬ್ಬು ಅಂದ್ರೆ ನಾನೂ ಬಿಡ್ತಿರ್ಲಿಲ್ಲ. ಆದ್ರೆ ಆ ಯಜಮಾನರಿಗೆ ಒಬ್ರಿಗೇ ಫೋನ್ ಮಾಡಿ ಹೇಳು. ಆಮೇಲೆ ಹೆಂಡತಿಗೆ ಏನು ಹೇಳ್ಬೇಕು, ಅಂಗಡಿ ಮುಚ್ಚಿದೆ ಅಂತಾನೋ ಏನೋ, ಅದು ಅವರಿಗೆ ಬಿಟ್ಟಿದ್ದು."

ಎರಡು ಸಲ ಕ್ಯಾರಿಗೆ ಫೋನು ಮಾಡಿದೆ. ಒಂದು ಸಲ ಶೈಲಾ ಎತ್ತಿದಳು, ಇನ್ನೊಂದು ಸಲ ಗಿರಿಜಮ್ಮನೇ ಎತ್ತಿದರು. ಎರಡು ಸಲವೂ ರೈಲಿನ ಹೊತ್ತು ಕೇಳುವ ನೆಪ ಹೇಳಿ ಇಟ್ಟೆ. ಯಜಮಾನರನ್ನು ಕರೆಯಿರಿ ಎನ್ನಬಹುದಿತ್ತು. ಅಷ್ಟು ಹಿರಿಯ ಗಂಡಸಿನ ಹತ್ತಿರ 'ನೀವು ತಿಂದದ್ದು ಇದು' ಎಂದು ಹೇಗೆ ಬಾಯಿಬಿಡುವುದು ಎಂದು ಸಂಕೋಚ. ಸಂಕೋಚ ಎನ್ನುವುದು ದೊಡ್ಡ ಮಾತು, ಹೇಡಿತನ. ಮೂರನೆಯ ದಿನ, ಎಲ್ಲರಿಗೂ ಹಾಕುವಂತೆ ಇವರಿಗೂ ಹಾಕಿದರೆ ನನ್ನ ಮೇಲೆ ತಪ್ಪೇನೂ ಇಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿ, ಊಟದ ಹಾಳೆಯನ್ನೂ ಸೇರಿಸಿ ಲಕೋಟೆ ಅಂಟಿಸಿಬಿಟ್ಟೆ. ಅನ್ವರ್ ಸಾಹೇಬರಿಗೆ ಹೇಳಲಿಲ್ಲ.

ಒಂದು ವಾರಕ್ಕೆ ಫೋನು ಬಂತು. ಚನ್ನಬಸವಯ್ಯನವರೇ.

"ಹಾಳೆ ಬಂತು ತಾಯಿ. ಬಹಳ ಮುತುವರ್ಜಿಯಿಂದ ಬರೆದಿದ್ದೀರಿ. ಬ್ರಾಡ್‌ಫರ್ಡ್ ತೆಗೆದ್ಬಿಡಿ. ನೇರ ಬೆಂಗಳೂರಿಗೇ ಹಾಕಿ."

"ಸಾರ್, ಬೇರೆ ಏನಾದ್ರೂ... ಗಿರಣಿ ನೋಡ್ಬಹುದು, ನೀವಿದ್ದ ಮನೆ ನೋಡ್ಬಹುದು..."

"ವಯಸ್ಸಾಯ್ತು ತಾಯಿ. ಸುಮ್ನೆ ಯಾಕೆ ಸುತ್ತಾಟ."

ಅಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಲಂಡನ್ನಿನ ವಿಮಾನ ನಿಲ್ದಾಣದಲ್ಲಿ ಆರು ಗಂಟೆ ಬೆಂಚಿನ ಮೇಲೆ ಕೂತು ಇನ್ನೊಂದು ವಿಮಾನ ಹತ್ತಿದರು ಎಂದು ಶೈಲಾ ಆಮೇಲೆ ಹೇಳಿದಳು. ಬ್ರಿಟನ್ನಿನಲ್ಲಿ ಅವರು ಎರಡನೆಯ ಸಲ ಇದ್ದದ್ದು ಆ ಆರು ಗಂಟೆ. ಆ ವರ್ಷ ಮುಗಿಯುವ ಮುಂಚೆಯೇ ಚನ್ನಬಸವಯ್ಯನವರು ಬೆಂಗಳೂರಿನಲ್ಲಿ ತೀರಿಕೊಂಡರು. ಆ ಸುದ್ದಿಯನ್ನೂ ಶೈಲಾಳೇ ಫೋನು ಮಾಡಿ ತಿಳಿಸಿದಳು, ತಾಯಿಯನ್ನು ಕರೆಸಿಕೊಳ್ಳಲು ಟಿಕೆಟ್ಟು ಕೇಳುತ್ತ.

ಆ ದಿನ ಅನ್ವರ್ ಸಾಹೇಬರಿಗೆ ಎಲ್ಲ ಹೇಳಿದೆ. ಬೈಗುಳಕ್ಕೆ ಕಾದೆ. ಅವರು ಚಹಾ ಬಗ್ಗಿಸಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಫ್ಯಾಕ್ಸ್ ನೋಡಲು ಎದ್ದು ಹೋದರು.

ಮುಂದಿನ ವರ್ಷ ಗಿರಿಜಮ್ಮ ಮಗಳ ಜೊತೆ ಮತ್ತೆ ಕಚೇರಿಗೆ ಬಂದರು. ಶೈಲಾ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದಳು. ಗಿರಿಜಮ್ಮನ ಹಣೆಯ ವಿಭೂತಿ ಹಾಗೆಯೇ ಇತ್ತು, ಕೈಬಳೆ ಇರಲಿಲ್ಲ. ಕೈಚೀಲದಿಂದ ಮಡಿಕೆ ಬಿದ್ದ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. ನನ್ನದೇ ದಪ್ಪಕ್ಷರ.

"ಇದನ್ನೇ ಮಾಡಿಕೊಡಿ. ಲಂಡನ್ ಬೇಡ. ಬ್ರಾಡ್‌ಫರ್ಡ್ ಒಂದೇ, ಎರಡು ದಿನ. ವಾಪಸ್ ಹೋಗ್ತಾ ಇಳ್ಕೋತೀನಿ."

"ಒಬ್ರೇನಾ ಅಮ್ಮಾ?"

"ಇನ್ಯಾರಿದಾರೆ?"

ನನಗೆ ತಡೆಯಲಾಗಲಿಲ್ಲ. "ಅಮ್ಮಾ, ಆ ಸಾಲು ನಾನು ಬರೀಬಾರ್ದಿತ್ತು."

"ನೀವು ಇದ್ದದ್ದನ್ನ ಬರೆದ್ರಿ. ಗಟ್ಟಿಯಾಗಿ ಓದಿದ್ದು ನಾನು." ಅವರು ಹಾಳೆಯ ಅಂಚನ್ನು ಉಗುರಿನಿಂದ ತಿದ್ದುತ್ತಿದ್ದರು. "ಮೇಷ್ಟ್ರಿಕೆ ಅಭ್ಯಾಸ ನೋಡಿ, ಕೈಗೆ ಕಾಗದ ಬಂದ್ರೆ ಜೋರಾಗೇ ಓದ್ಬೇಕು. ಊಟಕ್ಕೆ ಕೂತಿದ್ವಿ. ಮೊದಲಿನಿಂದಲೂ ದನದ ಕೊಬ್ಬಿನಲ್ಲೇ ಅಂತ ಓದಿ ತಲೆ ಎತ್ತಿದೆ. ಅವರು 'ಹೌದಾ' ಅಂದ್ರು."

"ಅವರಿಗೆ ಗೊತ್ತಿರ್ಲಿಲ್ವೇನೋ ಪಾಪ."

"ಗೊತ್ತಿಲ್ದಿದ್ರೆ 'ಅಯ್ಯೋ' ಅಂತಿದ್ರು. 'ಹೌದಾ' ಅಂದ್ರು."

ಗಿರಿಜಮ್ಮ ಹಾಳೆಯನ್ನು ನನ್ನ ಕಡೆಗೆ ಸರಿಸಿದರು.

"ಆಮೇಲಿಂದ ಪೂಜೆಗೆ ನನ್ನ ಪಕ್ಕ ಕೂರ್ತಿರ್ಲಿಲ್ಲ. ನಾನು ಮುಗಿಸಿ ಎದ್ದ ಮೇಲೆ ಒಬ್ರೇ ಕೂರೋರು. ನಾನಾದ್ರೂ ಒಂದು ಮಾತು ಅಂದ್ಬಿಡ್ಬೇಕಿತ್ತು. ಹೊಟ್ಟೆಗಿಲ್ದೆ ತಿಂದಿದ್ದೀರಿ, ಬಿಡಿ ಅತ್ಲಾಗೆ ಅಂತ. ನಾಳೆ ಅಂದ್ರಾಯ್ತು, ನಾಳೆ ಅಂದ್ರಾಯ್ತು ಅಂತ ಎಂಟು ತಿಂಗಳು ಕಳೆದೆ. ಸಿಟ್ಟೂ ಇತ್ತು, ಸುಳ್ಳು ಯಾಕೆ ಹೇಳ್ಬೇಕಿತ್ತು ಚಿಪ್ಸ್ ಬಗ್ಗೆ? ಕೊಬ್ಬಿನ ಮೇಲಲ್ಲ, ಆ ಬಾಣಲೆ ಮೇಲೆ ಸಿಟ್ಟು ನಂಗೆ."

ಅಷ್ಟರಲ್ಲಿ ಶೈಲಾ ಒಳಗೆ ಬಂದಳು. "ಅಮ್ಮ, ವೀಸಾ ಅಪಾಯಿಂಟ್‌ಮೆಂಟ್‌ಗೆ ಲೇಟ್ ಆಗುತ್ತೆ. ಆಂಟಿ, ನೀವಾದ್ರೂ ಹೇಳಿ, ಅಲ್ಲಿ ಒಬ್ರೇ ಏನ್ಮಾಡ್ತಾರೆ ಇವರು?"

"ಬಸ್ ಸ್ಟಾಪ್ ನೋಡ್ಬೇಕು ಕಣೆ" ಎಂದರು ಗಿರಿಜಮ್ಮ.

ಅವರಿಗೆಂದು ಹೊಸ ಹಾಳೆ ಬರೆದೆ. ಅಷ್ಟು ನಿಧಾನವಾಗಿ ಇನ್ನಾವ ಹಾಳೆಯನ್ನೂ ಬರೆದಿಲ್ಲ. ನಿಲ್ದಾಣದಿಂದ ಎಷ್ಟು ಹೆಜ್ಜೆ, ಎಲ್ಲಿ ಕೈಗಂಬಿ ಇದೆ, ಎಲ್ಲಿ ಕೂರಬಹುದು. ಎರಡನೆಯ ದಿನದ ಕೆಳಗೆ 'ಊಟ' ಎಂದು ಬರೆದು, ಮುಂದೆ ಏನು ಬರೆಯಲೂ ತೋಚದೆ ಖಾಲಿ ಬಿಟ್ಟೆ. ಮಿಸೆಸ್ ಹಾರ್ಟ್ಲಿಗೆ ಬೇರೆ ಕಾಗದ ಬರೆದು ಇದ್ದ ಸಂಗತಿಯನ್ನೆಲ್ಲ ತಿಳಿಸಿದೆ. ಇವರು ಏನೂ ತಿನ್ನದೆ ಹೋದರೆ ಒತ್ತಾಯ ಮಾಡಬೇಡಿ, ಬಿಸಿ ಹಾಲು ಕೊಡಿ, ಇಷ್ಟೇ ಕೇಳಿಕೊಂಡೆ.

ಅವಳ ಉತ್ತರ ಬಂದದ್ದು ಗಿರಿಜಮ್ಮ ಹೊರಟು ಒಂದು ತಿಂಗಳ ಮೇಲೆ. ಅದೇ ನೀಲಿ ಶಾಯಿ. ನೆನಪಿರುವಷ್ಟನ್ನು ಕನ್ನಡದಲ್ಲಿ ಬರೆಯುತ್ತೇನೆ.

ನಿಮ್ಮ ಹೆಂಗಸನ್ನು ನಾನೇ ಕರೆದುಕೊಂಡು ಹೋದೆ, ಎಂದು ಬರೆದಿದ್ದಳು. ಅಂಗಡಿ ಇದೆ, ನಡೆಸುವವರು ಬೇರೆ. ಸಣ್ಣ ಮಳೆ ಬರುತ್ತಿತ್ತು. ಅವರೇ ಒಳಗೆ ಹೋಗಿ ಒಂದು ಪೊಟ್ಟಣ ಕೊಂಡರು. ಈಗೆಲ್ಲ ಸುದ್ದಿಪತ್ರಿಕೆಯಲ್ಲಿ ಸುತ್ತುವುದಿಲ್ಲ, ಬಿಳಿಯ ಕಾಗದ. ಅದನ್ನು ನೋಡಿ ಸ್ವಲ್ಪ ಬೇಜಾರಾದಂತೆ ಕಂಡಿತು. ಬಸ್ ಸ್ಟಾಪಿನ ಕೆಳಗೆ ಹೋಗಿ ನಿಂತರು. ಪೊಟ್ಟಣವನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. ಎರಡು ಬಸ್ಸು ಬಂದು ಹೋದವು. ಆಮೇಲೆ ನನ್ನನ್ನು ಕೇಳಿದರು, ಹಿಂದಿನ ಕಾಲದಲ್ಲಿ, ಮಾಂಸ ತಿನ್ನದವರು ಬಂದರೆ, ಇಂಥ ಅಂಗಡಿಯವರು ಬರೀ ಎಣ್ಣೆಯ ಬೇರೆ ಬಾಣಲೆ ಇಡುತ್ತಿದ್ದರಾ ಎಂದು.

ಮುಂದಿನ ಸಾಲುಗಳನ್ನು ಅವಳು ಸ್ವಲ್ಪ ಒತ್ತಿ ಬರೆದಂತೆ ಇತ್ತು: ನಾನು ಅವರ ಮುಖ ನೋಡಿದೆ. ಹೌದು, ಕೆಲವರು ಇಡುತ್ತಿದ್ದರು, ಈ ಅಂಗಡಿಯ ಹಳೆಯಾಕೆ ಅಂಥವಳೇ ಎಂದು ಹೇಳಿದೆ. ನಿಮಗೆ ನಾನು ಮೊದಲು ಬರೆದದ್ದು ನನಗೆ ನೆನಪಿದೆ. ನೀವು ಬೇಸರ ಮಾಡಿಕೊಳ್ಳಬಾರದು. ಅವರು 'ಥ್ಯಾಂಕ್ ಯೂ' ಎಂದರು. ಒಂದನ್ನೂ ತಿನ್ನಲಿಲ್ಲ. ಆರುವವರೆಗೆ ಹಿಡಿದುಕೊಂಡಿದ್ದು, ಹೋಳುಗಳನ್ನು ಹಕ್ಕಿಗಳಿಗೆ ಹಾಕಿ, ಕಾಗದವನ್ನು ನಾಲ್ಕಾಗಿ ಮಡಚಿ ಕೈಚೀಲದಲ್ಲಿ ಇಟ್ಟುಕೊಂಡರು.

ಬೆಂಗಳೂರು ತಲುಪಿದ ಮೇಲೆ ಗಿರಿಜಮ್ಮ ಒಮ್ಮೆ ಫೋನು ಮಾಡಿದ್ದರು. "ಆಯಮ್ಮ ಸುಳ್ಳು ಹೇಳಿದ್ಲು ವಿಮಲಮ್ಮ. ನಂಗೆ ಗೊತ್ತಾಯ್ತು. ಆದ್ರೂ ಅವಳ ಬಾಯಲ್ಲಿ ಕೇಳೋವಾಗ, ನಮ್ಮ ಯಜಮಾನರೂ ನನ್ನ ಮುಖ ಹೀಗೇ ನೋಡ್ಕೊಂಡೇ ಹೇಳಿರ್ಬೇಕು ಅನ್ನಿಸ್ತು."

ಈಗ ಹುಡುಗಿಯರೇ, ಕಾರ್ಡುಗಳ ಪೆಟ್ಟಿಗೆ ನಿಮ್ಮ ಮೇಜಿನ ಮೇಲಿದೆ. ಬಿಳಿಯವು ಹಳೆಯವಾಗಿವೆ, ಬಸ್ಸಿನ ದಾರಿಗಳು ಬದಲಾಗಿವೆ, ವಿಚಾರಿಸಿಕೊಳ್ಳಿ. ಹಳದಿಯವು ಬಹುಮಟ್ಟಿಗೆ ಈಗಲೂ ಸರಿ. ಆದರೆ ಅವನ್ನು ಯಾರ ಲಕೋಟೆಗೂ ಕೇಳದೆ ಹಾಕಬೇಡಿ. ಯಾರಿಗೆ ಹೇಳಬೇಕೋ ಅವರನ್ನೇ ಫೋನಿಗೆ ಕರೆಯಿರಿ, ಸಂಕೋಚವಾದರೂ ಸರಿ. ಆ ಚಿಪ್ಸ್ ಸಾಲಿನಲ್ಲಿ 'ಮೊದಲಿನಿಂದಲೂ' ಎಂಬ ಒಂದು ಪದವನ್ನು ನಾನು ಬರೆಯದೆ ಇದ್ದಿದ್ದರೆ, 'ಈಗ ಹೀಗಾಗಿದೆ ನೋಡು, ನಮ್ಮ ಕಾಲದಲ್ಲಿ ಎಣ್ಣೆ' ಎಂದು ಚನ್ನಬಸವಯ್ಯನವರು ಊಟದ ತಟ್ಟೆಯ ಮುಂದೆ ಹೇಳಿಕೊಳ್ಳಬಹುದಿತ್ತು. ಅಷ್ಟು ಜಾಗ ಅವರಿಗೆ ಸಾಕಾಗುತ್ತಿತ್ತು.

ಮಿಸೆಸ್ ಹಾರ್ಟ್ಲಿ ಗಿರಿಜಮ್ಮನ ಎದುರಿಗೆ ಮಳೆಯಲ್ಲಿ ನಿಂತು ಮಾತಾಡಿದಳು. ನಾನು ಹಾಳೆಯನ್ನು ಅಂಚೆಗೆ ಹಾಕಿದ್ದೆ.